ಕೊಬ್ಬರಿ ಅಟ್ಟದಲ್ಲಿಟ್ಟ ಇಂಜೆಕ್ಷನ್

ಅರಸೀಕೆರೆ
ಭಾನುವಾರ, 7 ಜೂನ್ 2026

ನನ್ನ ಮುದ್ದು ನಾದಿನಿ ಅರುಣಾ,

ನಿನ್ನ ಅತ್ತಿಗೆಯ ಒಂದು ರಾಶಿ ಪ್ರೀತಿ. ಹಳೇಬೀಡಿನ ಸೋದರಮಾವನ ಮನೆಯಲ್ಲಿ ನೀನು ಗಂಜಿ ಬಿಟ್ಟು ಮುದ್ದೆಗೆ ಬಂದೆಯಂತೆ, ನಿಮ್ಮಣ್ಣ ಇಂದ್ರೇಶ್ ಹೇಳಿದರು. ಕೇಳಿ ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ. ಆಮೇಲೆ ಅಲ್ಲೇ ಕುಳಿತು ಅತ್ತುಬಿಟ್ಟೆ. ನೀನು ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ನಾನು ಏನಾದರೂ ತಮಾಷೆ ಮಾಡಿ ಇಟ್ಟುಬಿಡುತ್ತಿದ್ದೆನೇನೋ. ಅದಕ್ಕೇ ಕಾಗದ. ಹತ್ತನೇ ಕ್ಲಾಸಿನ ನಂತರ ಕನ್ನಡದಲ್ಲಿ ಇಷ್ಟುದ್ದ ಬರೆದೇ ಇಲ್ಲ. ತಪ್ಪುಗಳನ್ನು ದಾಟಿಕೊಂಡು ಓದು.

ಮೊದಲು ನನ್ನ ಸುಳ್ಳು. ಮದುವೆಗೆ ಮುಂಚೆ ನಾನು ತೂಕ ಇಳಿಸಿದ ಇಂಜೆಕ್ಷನ್ ಡಾಕ್ಟರ್ ಬರೆದುಕೊಟ್ಟದ್ದು ಎಂದು ನಿನಗೆ ಹೇಳಿದ್ದೆ. ಅಲ್ಲ ಕಣೇ. ಹಾಸನದ ಡಾಕ್ಟರ ಹತ್ತಿರ ಹೋಗಿದ್ದು ನಿಜ. ಎರಡು ಬಗೆ ಇವೆ, ಮೊದಲು ರಕ್ತ ಪರೀಕ್ಷೆ ಆಗಲಿ, ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಇದೆಯೋ ತಿಳಿಯಲಿ, ಆಮೇಲೆ ನಿಮಗೆ ಯಾವುದು ಒಗ್ಗುತ್ತದೆ, ಅಸಲಿಗೆ ಬೇಕೇ ಎಂದು ನೋಡೋಣ ಎಂದರು. ಕಡಿಮೆ ಡೋಸಿನಿಂದ ಶುರು ಮಾಡಿ ನಿಧಾನಕ್ಕೆ ಏರಿಸಬೇಕಂತೆ. ನನಗೋ ಮದುವೆಗೆ ಹತ್ತೇ ವಾರ, ರಿಸೆಪ್ಷನ್ ಬ್ಲೌಸಿಗೆ ಆಗಲೇ ಎರಡು ಇಂಚು ಕಡಿಮೆ ಅಳತೆ ಕೊಟ್ಟಿದ್ದೆ. ನಮ್ಮ ಬೇಲೂರಿನ ಪಾರ್ಲರಿನ ಅಕ್ಕ ಯಾವ ಚೀಟಿಯೂ ಇಲ್ಲದೆ ತರಿಸಿಕೊಟ್ಟರು. ಡಬ್ಬಿಯಿಲ್ಲ, ಬಿಲ್ಲಿಲ್ಲ, ಚುಚ್ಚಿಕೊಳ್ಳುವ ಆ ಇಂಜೆಕ್ಷನ್ ಪೆನ್ನಿನ ಮೇಲೆ ಅರ್ಧ ಹರಿದ ಲೇಬಲ್. ಎಲ್ಲಿಂದ ಬಂತೆಂದು ನಾನು ಕೇಳಲೂ ಇಲ್ಲ. ನಿಮ್ಮಣ್ಣನಿಗಂತೂ ಬರೀ ವಾಕಿಂಗ್ ಮಾಡಿ ಇಳಿಸಿದೆ ಎಂದಿದ್ದೆ.

ಏಪ್ರಿಲ್‌ನಲ್ಲಿ ಹಗರೆಯ ಹುಡುಗನ ಕಡೆಯವರು ನಿನ್ನನ್ನು ನೋಡಲು ಬರುತ್ತಾರೆ ಎಂದಾಗ ನೀನು ನನ್ನ ಮದುವೆ ಆಲ್ಬಮ್ ಹಿಡಿದು ಬಂದೆ. ನನಗೂ ಅದೇ ಇಂಜೆಕ್ಷನ್ ಬೇಕು ಎಂದು ಕೇಳಿದೆ. ನೀನು ದಪ್ಪ ಎಂದು ಆ ಮನೆಯವರು ಒಂದು ಮಾತೂ ಆಡಿರಲಿಲ್ಲ. ನಾನು ಬೇಡ ಎನ್ನಬೇಕಿತ್ತು. ಹೊಸ ಮನೆಯಲ್ಲಿ ಗುಟ್ಟು ಹಂಚಿಕೊಳ್ಳಲು ಒಬ್ಬಳು ಸಿಕ್ಕಳಲ್ಲ ಎಂದು ನನಗೆ ಖುಷಿಯೇ ಆಯಿತು.

ಪೆನ್ನನ್ನು ತಣ್ಣಗಿಡಬೇಕೆಂದು ಗೊತ್ತಿತ್ತು. ಆದರೆ ಫ್ರಿಜ್ಜನ್ನು ಅತ್ತೆ ದಿನಕ್ಕೆ ಇಪ್ಪತ್ತು ಸಲ ತೆಗೆಯುತ್ತಾರೆ. ಕೊಬ್ಬರಿ ಅಟ್ಟಕ್ಕೆ ಮಾತ್ರ ಯಾರೂ ಹತ್ತುವುದಿಲ್ಲ. ಒಮ್ಮೆ ಕಾಯಿ ತುಂಬಿದರೆ ಒಳಗಿನ ನೀರೆಲ್ಲ ಬತ್ತುವವರೆಗೆ, ಹತ್ತು ಹನ್ನೊಂದು ತಿಂಗಳು, ಮಾವ ಮುಟ್ಟಗೊಡುವುದಿಲ್ಲ. ಆ ಕಾಯಿಗಳ ಸಂದಿಯಲ್ಲಿಟ್ಟೆ. ಕಾಯಿಯನ್ನೇ ಒಣಗಿಸುವ ಕಾವಿನಲ್ಲಿ ಔಷಧಿ ಉಳಿಯುತ್ತದೆಯೇ? ಮೂರು ವಾರ ನಿನಗೆ ಏನೂ ಆಗಲಿಲ್ಲ. ಕೆಟ್ಟಿದೆ ಎಂದು ನನಗೆ ಹೊಳೆಯಲಿಲ್ಲ, ಡೋಸ್ ಸಾಲದು ಎಂದು ಏರಿಸಿದೆ. ಆಮೇಲೆ ಬೇಲೂರಿನಿಂದ ಐಸ್ ಸುತ್ತಿದ ಹೊಸ ಪೆನ್ ಬಂತು. ಅದರಲ್ಲೂ ಅದೇ ಏರಿಸಿದ ಡೋಸ್. ನೀನು ಕಣ್ಣು ಮುಚ್ಚಿಕೊಂಡಿದ್ದೆ, ಚುಚ್ಚಿದವಳು ನಾನು.

ನಾಲ್ಕು ದಿನ ನೀರು ಕುಡಿದರೂ ವಾಂತಿ. ಸರಿಹೋಗುತ್ತೆ ಎಂದು ನಾನು ಶರಬತ್ತು ಮಾಡಿಕೊಡುತ್ತಿದ್ದೆ. ಐದನೆಯ ದಿನ ನೀನು ಬಚ್ಚಲಲ್ಲಿ ಬಿದ್ದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆ ಅತ್ತೆ, ಮನೆಯಲ್ಲಿ ನಿನ್ನ ದಿಂಬಿನಡಿ ಸಿಕ್ಕ ಪೆನ್ ಹಿಡಿದು ಕೇಳಿದರಲ್ಲ, "ಯಾರ್ ಕೊಟ್ರೇ ಇದ್ನ? ಬಾಯಲ್ಲಿ ನಾಲ್ಗೆ ಐತೋ ಇಲ್ವೋ?" ಎಂದು. ನೀನು ನನ್ನ ಕಡೆ ನೋಡಲೂ ಇಲ್ಲ.

"ನಾನೇ ತರಿಸ್ಕೊಂಡೆ ಕಣಮ್ಮ" ಎಂದೆ ನೀನು.

ನಾನು ನಿನ್ನ ಕಾಲು ಒತ್ತುತ್ತಿದ್ದೆ. ಒತ್ತುತ್ತಲೇ ಇದ್ದೆ.

ಅಂದಿನಿಂದ ಅತ್ತೆ ನಿನ್ನ ಜೊತೆ ಮಾತು ಬಿಟ್ಟರು. ಮಾವ ನಿನ್ನನ್ನು ಹಳೇಬೀಡಿಗೆ ಕಳಿಸಿದರು. ಹುಡುಗಿಗೆ ಏನೋ ಕಾಯಿಲೆಯಂತೆ ಎಂದು ಹಗರೆಯವರು ಸುಮ್ಮನಾದರು. ಬಂದವರ ಮುಂದೆಲ್ಲ ಅತ್ತೆ, "ನಮ್ ಚೈತನ್ಯ ಇರ್ದಿದ್ರೆ ಏನ್ ಗತಿ" ಎನ್ನುತ್ತಾರೆ. ನಾನು ತಲೆ ತಗ್ಗಿಸಿದರೆ, ಪಾಪ ಸಂಕೋಚದ ಹುಡುಗಿ ಎಂದುಕೊಳ್ಳುತ್ತಾರೆ. ಯಾಕೆ ಬಾಯಿ ಬಿಡಲಿಲ್ಲವೆಂದರೆ, ಮದುವೆಯಾಗಿ ನಾಲ್ಕು ತಿಂಗಳಾದರೂ ನಿಮ್ಮಣ್ಣನ ಬೈಕಿನ ಸದ್ದಿಗೆ ನಾನು ಕನ್ನಡಿಯ ಮುಂದೆ ಓಡುತ್ತೇನೆ ಅರುಣಾ. ಅವರು ನನ್ನನ್ನು ನೋಡುವ ರೀತಿ ಬದಲಾಗಿಬಿಟ್ಟರೆ ಎಂಬ ಭಯ. ಅದಕ್ಕಾಗಿ ನಿನ್ನ ಹೆಸರು ಕೆಡಲು ಬಿಟ್ಟೆ.

ಮೊನ್ನೆ ಹಾಸನದ ಡಾಕ್ಟರನ್ನು ಕಂಡು ಎಲ್ಲ ಹೇಳಿದೆ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಎಷ್ಟು ಡೋಸ್, ಯಾವ ಯಾವ ದಿನ ಎಂದು ಬರೆದು ಇದರ ಜೊತೆ ಇಟ್ಟಿದ್ದೇನೆ, ನೀನೂ ಹೋಗಿ ತೋರಿಸಬೇಕಂತೆ. ಇನ್ನೊಂದು. ನಿನಗೆ ಕೊಟ್ಟ ಮೊದಲ ಪೆನ್ ನಾನು ಬಳಸಿ ಉಳಿದದ್ದು. ಸೂಜಿ ಬದಲಿಸಿದರೆ ಸಾಕು ಎಂದುಕೊಂಡಿದ್ದೆ, ಸಾಲದಂತೆ, ಒಬ್ಬರ ರಕ್ತದ ಸೋಂಕು ಪೆನ್ನಿನಿಂದ ಇನ್ನೊಬ್ಬರಿಗೆ ದಾಟಬಹುದಂತೆ. ಇಬ್ಬರೂ ರಕ್ತ ಪರೀಕ್ಷೆ ಮಾಡಿಸಬೇಕು. ನೀನು ಒಪ್ಪಿದರೆ ಜೊತೆಗೆ ಹೋಗೋಣ. ಇಲ್ಲದಿದ್ದರೆ ನಿನ್ನ ಸೋದರಮಾವನ ಜೊತೆಯಾದರೂ ಹೋಗು, ಹೋಗದೆ ಮಾತ್ರ ಇರಬೇಡ.

ನಿನ್ನ ಅತ್ತಿಗೆ,
ಚೈತನ್ಯ

ಮರೆಯುವ ಮುನ್ನ: ಇದನ್ನು ಬೇರೆ ಚೀಟಿಯಲ್ಲಿ ಬರೆಯುತ್ತಿದ್ದೇನೆ. ಕಾಗದ ನಿಮ್ಮಣ್ಣನ ಕೈಯಲ್ಲಿದೆ. ಮೊದಲು ನೀವು ಓದಿ, ಅತ್ತೆ ಮಾವನಿಗೂ ಓದಿ ಹೇಳಿ, ಆಮೇಲೆ ಅರುಣಾಗೆ ತಲುಪಿಸಿ ಎಂದು ಕೊಟ್ಟೆ. ಜಗಲಿಯ ಮೇಲೆ ಕುಳಿತಿದ್ದಾರೆ. ಮೊದಲ ಪುಟದಲ್ಲಿ ಒಂದು ಸಲ ನಕ್ಕರು. ಈಗ ಅಟ್ಟದ ವಿಷಯ ಬರುವ ಎರಡನೆಯ ಪುಟದಲ್ಲಿದ್ದಾರೆ.