ತೊಂಬತ್ತನಾಲ್ಕು ಅಂಕದ ಬಾಟಲಿ

ನವೆಂಬರ್ ೧೨, ಬುಧವಾರ

ನಾನು ವೈನ್ ಆರಿಸಿಕೊಡುವ ಹೋಟೆಲಿಗೆ ಇವತ್ತು ಬಂದ ಆ ಅಜ್ಜಿಯ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಹುರಿದ ಬಾತುಕೋಳಿಗೆ ಯಾವ ವೈನ್ ಹೊಂದುತ್ತದೆ ಎಂದು ಕೇಳಿದರು. ವೈನ್ ವಿಮರ್ಶಕರು ನೂರಕ್ಕೆ ತೊಂಬತ್ತನಾಲ್ಕು ಅಂಕ ಕೊಟ್ಟ ಬಾಟಲಿಯನ್ನು ತೋರಿಸಿದೆ.

"ಅವರ ಅಂಕ ಇರ್ಲಿ ಮಗಳೇ, ನಿಂಗ್ಯಾವುದು ಇಷ್ಟ?"

ಅಂಕ ನೋಡಿ ವೈನ್ ಕುಡಿಯುವುದೆಂದರೆ ಬೇರೆಯವರ ನಾಲಿಗೆಯಲ್ಲಿ ಉಂಡಂತೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳು ನಾನೇ. ಇವತ್ತು "ನಂಗೂ ಇದೇ" ಎಂದುಬಿಟ್ಟೆ. ಕಾರ್ಕ್ ತೆಗೆದು, ಮೂಸಿ, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿ ಸುರಿದೆ. ಅವರು ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು.

"ನೆನೆದ ರಟ್ಟಿನ ವಾಸನೆ, ವೈನ್ ಕೆಟ್ಟಿದೆ. ನೀನೇ ಮೂಸಿ ನೋಡಿದ್ಯಲ್ಲಮ್ಮಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕನಿಕರದಿಂದ ನೋಡಿದರು.

ಮ್ಯಾನೇಜರಿಗೆ ಮತ್ತೆ ನೆಗಡಿಯ ಸುಳ್ಳು ಹೇಳಿದೆ. "ಐದು ತಿಂಗಳ ನೆಗಡೀನಾ? ಮೂಗಿಗೂ ಬಾಣಂತನ ನಡೀತಿದ್ಯಾ?" ಎಂದರು. ಹೆರಿಗೆಯ ನಂತರ ಬಂದ ಜ್ವರ ವಾಸನೆಯನ್ನೆಲ್ಲ ಹೊತ್ತುಕೊಂಡು ಹೋಯಿತೆಂದು ಯಾರಿಗೂ ಹೇಳಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ನನಗೆ ಬರುವುದು ಇದೊಂದೇ ಕೆಲಸ.

ಮನೆಗೆ ಬಂದು ಪಾಪುವಿನ ಹಾಲಿನ ಬಾಟಲಿಯನ್ನು ಮೂಗಿಗೆ ಹಿಡಿದೆ. ಏನೂ ಇಲ್ಲ, ನೀರಿನ ಹಾಗೆ. ಯಾಕೋ ಭಯವಾಗಿ ಇವರ ಮುಂದೆ ಹಿಡಿದೆ.

"ಒಂದ್ಸಲ ಮೂಸಿ ನೋಡಿ."

"ಯಾಕೆ, ಇದಕ್ಕೂ ಅಂಕ ಕೊಡಬೇಕಾ?" ಎಂದು ನಕ್ಕರು. ಮೂಸಿದವರು ಮುಖ ಸಿಂಡರಿಸಿದರು. "ಕೆಟ್ಟುಹೋಗಿದೆ ಕಣೇ! ನಿಂಗೆ ಗೊತ್ತಾಗ್ಲಿಲ್ವಾ?"

"ಸುಸ್ತು" ಎಂದೆ.

ಇವರಿಗಾದರೂ ನಾಳೆ ಹೇಳಬೇಕು. ಇವರು ಮನೆಯಲ್ಲಿಲ್ಲದಾಗ ನಾನೊಬ್ಬಳೇ ಕುಡಿಸಿದ ಹಾಲನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಾ ಕೂತಿದ್ದೇನೆ. ಮೊನ್ನೆ ಪಾಪು ವಾಂತಿ ಮಾಡಿದ್ದು…