ಹಸಿರು ಅಂದೆ

ಮಾರ್ಚ್ ೪, ಸಂಜೆ ಆರು

ಕಣ್ಣಿನ ಡಾಕ್ಟರ ಕಥೆ ಇವತ್ತು ಮತ್ತೆ ಹೇಳಿದೆ. ಮೊದಲು ಹೇಳಿದವಳು ಅಕ್ಕ. ಇಪ್ಪತ್ತಾರು ವರ್ಷದ ಹಿಂದೆ, ನಾನು ಸೈನ್ಯದಿಂದ ಮೊದಲ ರಜೆಗೆ ಬಂದಾಗ, ನೆಂಟರಿಗೆಲ್ಲ ಬಡಿಸುತ್ತಾ. ಆಮೇಲೆ ಕಥೆ ನನ್ನದಾಯಿತು. ಕೀಲಿಕೈ ಅಂಗಡಿ ಇಟ್ಟ ಮೇಲೆ ಇಡೀ ಬೀದಿಯದಾಯಿತು.

ಇವತ್ತು ಹೇಳಿಸಿದವನು ಪಕ್ಕದ ಕ್ಷೌರದಂಗಡಿಯವನು. ಗಿರಾಕಿಯ ಅರ್ಧ ಗಡ್ಡ ಸೋಪಿನಲ್ಲೇ ಬಿಟ್ಟು ಅವನನ್ನೂ ಎಳೆದುಕೊಂಡು ಬಂದ. ಇವರು ಕೇಳಿಲ್ಲವಂತೆ, ಹೇಳಿಬಿಡಬೇಕಂತೆ. ಕೈಯಲ್ಲಿ ಅರ, ಎದುರಿಗೆ ಹೂಂಗುಟ್ಟುವವರು ಇಬ್ಬರು. ನನಗೆ ಇನ್ನೇನು ಬೇಕು.

ಕಥೆ ಇಷ್ಟೇ. ನನಗೆ ಕೆಂಪು ಹಸಿರು ಎರಡೂ ಒಂದೇ. ಹುಟ್ಟಿದಾಗಿನಿಂದ. ಆದರೆ ಸೈನ್ಯದ ಲಾರಿ ಓಡಿಸುವ ಹುಚ್ಚು. ಕಣ್ಣಿನ ಪರೀಕ್ಷೆಗೆ ಒಂದು ಪುಸ್ತಕ ಇಟ್ಟಿರುತ್ತಾರೆ. ಪುಟದ ತುಂಬ ಬಣ್ಣದ ಚುಕ್ಕೆ, ಚುಕ್ಕೆಗಳ ನಡುವೆ ಅಡಗಿದ ಒಂದು ಅಂಕಿ. ಬಣ್ಣ ತಿಳಿಯುವವರಿಗೆ ಅಂಕಿ ಕಾಣುತ್ತದೆ. ನನಗೆ ಬರೀ ಚುಕ್ಕೆ. ಅಕ್ಕ ಆಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಥದೇ ಪುಸ್ತಕ ಚೀಲದಲ್ಲಿ ಅಡಗಿಸಿ ತಂದಳು. ಇಪ್ಪತ್ತು ದಿನ ಬಾಯಿಪಾಠ ಮಾಡಿಸಿದಳು. ಅಂಚಿನಲ್ಲಿ ಮೂರು ದಪ್ಪ ಚುಕ್ಕೆ ಒತ್ತಾಗಿ ಕೂತಿದ್ದರೆ ಎಪ್ಪತ್ತಮೂರು. ನೆತ್ತಿಯಲ್ಲಿ ಸಣ್ಣದೊಂದು ಒಂಟಿಯಾಗಿದ್ದರೆ ಆರು. ಪರೀಕ್ಷೆಯ ದಿನ ಹುರುಪು ಜಾಸ್ತಿಯಾಗಿ, ಡಾಕ್ಟರು ಪುಟ ತಿರುಗಿಸುವ ಮೊದಲೇ ಮುಂದಿನ ಅಂಕಿ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು, ನಿನ್ನ ಕಣ್ಣು ಕಾಗದ ತೂರಿ ಆಚೆಗೂ ಹೋಗುತ್ತದೇನಪ್ಪ ಎಂದು ಕೇಳಿದರು. ಪಾಸು.

ಗಿರಾಕಿ ನಕ್ಕು ನಕ್ಕು, ಸೋಪೆಲ್ಲ ನನ್ನ ಮೇಜಿನ ಮೇಲೆ.

ಅಕ್ಕನ ಮಗ ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ. ಅವನೊಬ್ಬ ನಗಲಿಲ್ಲ.

ಮಾರ್ಚ್ ೬

ಅಕ್ಕ ಬಂದಳು. ಕೂರಲಿಲ್ಲ. ಹುಡುಗನಿಗೆ ಸೈನ್ಯದಲ್ಲಿ ಡ್ರೈವರ್ ಕೆಲಸಕ್ಕೆ ಕರೆ ಬಂದಿದೆ. ಮೆಡಿಕಲ್ ಇಪ್ಪತ್ತನಾಲ್ಕಕ್ಕೆ. ಓಟ, ತೂಕ, ಎದೆ ಅಳತೆ, ಎಲ್ಲದಕ್ಕೂ ಅವನು ಸಿದ್ಧ. ಕಣ್ಣು ಮಾತ್ರ ನನ್ನದೇ ಬಂದಿದೆ. ಸೋದರಮಾವನ ಕಡೆಯ ಆಸ್ತಿ ಅಂತ ಅಕ್ಕ ಮೊದಲಿನಿಂದ ತಮಾಷೆ ಮಾಡುತ್ತಾಳೆ.

ಈಗ ತಮಾಷೆ ಇರಲಿಲ್ಲ. "ನಿನಗೆ ನಾನು ಕಲಿಸ್ದೆ. ನನ್ನ ಮಗನಿಗೆ ನೀನು ಕಲಿಸು. ನನಗೆ ಪುಸ್ತಕ ತೆಗೆದ್ರೆ ಅಂಕಿನೇ ಕಾಣುತ್ತೆ, ಆ ಗುರುತೆಲ್ಲ ಇರೋದು ನಿನ್ನ ತಲೇಲಿ."

ಭಾವ ಹೋದ ಮೇಲೆ ಒಬ್ಬಳೇ ಬೆಳೆಸಿದ್ದಾಳೆ. ಹುಡುಗ ಎರಡು ಕಡೆ ಕೆಲಸಕ್ಕೆ ಸೇರಿ ಎರಡೂ ಬಿಟ್ಟ. ಸೈನ್ಯ ತಮ್ಮನನ್ನು ಮನುಷ್ಯನನ್ನಾಗಿ ಮಾಡಿತು, ಮಗನನ್ನೂ ಮಾಡುತ್ತದೆ. ಅವಳ ಹಟ ಇದು. ತಮ್ಮನನ್ನು ಅಲ್ಲಿಗೆ ಕಳಿಸಿದ್ದು ತಾನು ಎಂಬ ಹೆಮ್ಮೆ ಬೇರೆ.

ನೋಡೋಣ ಅಂದೆ.

ಕಥೆ ಡಾಕ್ಟರ ಹತ್ತಿರ ಮುಗಿಯುವುದಿಲ್ಲ ಎಂದು ಅವಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಇವಳಿಗೂ — ಹತ್ತೊಂಬತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಗೂ.

ಮಾರ್ಚ್ ೯

ಹುಡುಗ ಪುಸ್ತಕ ತಂದ. ಹೊಸ ಮುದ್ರಣ. ಚುಕ್ಕೆ ಅವೇ.

ಬೇಡ ಅನ್ನಬೇಕು ಅಂದುಕೊಂಡೇ ಕೂತೆ. ಎರಡು ಪುಟ ಕಲಿಸಿಬಿಟ್ಟೆ. ಬೆರಳು ತಾನೇ ಹೋಯಿತು, ಇಲ್ಲಿ ನೋಡು, ಈ ಮೂರು. ಅವನು ತಟ್ಟನೆ ಹಿಡಿದ. ನನಗಿಂತ ಚುರುಕು. ಖುಷಿಯಾಯಿತು ನನಗೆ. ಛೆ.

ಮಾರ್ಚ್ ೧೦, ಬೆಳಿಗ್ಗೆ

ಹುಡುಗನ ಜೊತೆ ಬಸ್ ಸ್ಟ್ಯಾಂಡಿನ ತನಕ ಎಂದು ಹೊರಟವನು ಮೂರು ಸುತ್ತು ಹೊಡೆದೆ. ನಿಂತಲ್ಲಿ ನಿಲ್ಲಲಾಗಲಿಲ್ಲ. ಅವನು ಕೇಳಿದ, "ಮಾವ, ಕಥೆ ಬೇಡ. ನಿಜವಾಗ್ಲೂ ಅಲ್ಲಿ ಹೇಗಿರುತ್ತೆ?"

ಇಷ್ಟು ವರ್ಷದಲ್ಲಿ ಹೀಗೆ ಕೇಳಿದವನು ಇವನೊಬ್ಬ.

ಹೇಳಿದೆ. ಹೆಚ್ಚಿನ ಹೊತ್ತು ಕಾಯುವುದೇ ಕೆಲಸ. ಬೇಗ ಬೇಗ ಎಂದು ಎಬ್ಬಿಸುತ್ತಾರೆ, ಎದ್ದು ಓಡಿ ಹೋಗಿ ನಾಲ್ಕು ಗಂಟೆ ಸಾಲಿನಲ್ಲಿ ನಿಲ್ಲುತ್ತೀಯ. ಬೈಗುಳ ಮೊದಲ ತಿಂಗಳು ಚುಚ್ಚುತ್ತದೆ, ನಾಲ್ಕನೇ ತಿಂಗಳಿಗೆ ಗಾಳಿ ಬೀಸಿದ ಹಾಗೆ. ಕಾಲ್ಬೆರಳ ಸಂದು ಒಣಗಿಸಿಕೊಳ್ಳದವನು ಯಾವ ಶೂರನಾದರೂ ಕುಂಟುತ್ತಾನೆ. ಊಟ ಹೊತ್ತಿಗೆ ಸರಿಯಾಗಿ. ಹಲ್ಲು ಪುಕ್ಕಟೆ ಸರಿ ಮಾಡುತ್ತಾರೆ, ನನ್ನ ದವಡೆ ನೋಡು. ಒಡಹುಟ್ಟಿದವರಿಗಿಂತ ಹತ್ತಿರದ ಗೆಳೆಯರು ಸಿಗುತ್ತಾರೆ, ಇನ್ನೆಲ್ಲೂ ಸಿಗದಂಥವರು. ಅವರಲ್ಲಿ ಒಬ್ಬನ ಟ್ರಂಕು ನೀನೇ ಕಟ್ಟಿ ಅವನ ಮನೆಗೆ ಕಳಿಸಬೇಕಾಗಿಯೂ ಬರಬಹುದು. ಬಾಯಲ್ಲಿ ಕೊಟ್ಟ ಮಾತು ಮಾತಲ್ಲ, ಕಾಗದದಲ್ಲಿ ಇದೆಯೇ ನೋಡು. ಸಹಿ ಹಾಕುವ ಮೊದಲು ಕೊನೆಯ ಪುಟವನ್ನೂ ಓದು. ಮನೆಗೆ ಹೋಗುತ್ತೇನೆ ಎಂದು ಮೂರನೇ ವಾರ ಅಳು ಬರುತ್ತದೆ, ಎಲ್ಲರಿಗೂ ಬರುತ್ತದೆ, ಹೊದಿಕೆಯೊಳಗೆ ಅತ್ತುಕೊ. ಅಮ್ಮನ ಕಣ್ಣು ತಪ್ಪಿಸಿಕೊಳ್ಳಲು ಹೋಗುವುದಾದರೆ ಪಕ್ಕದ ಬೀದಿಯಲ್ಲಿ ರೂಮು ಮಾಡು, ಸೈನ್ಯ ಬೇಡ.

ನಕ್ಕ. ಅದಕ್ಕಲ್ಲ ಮಾವ, ಲಾರಿಗೆ ಅಂದ. ಅಷ್ಟು ದೊಡ್ಡದು ತನ್ನ ಕೈ ಹೇಳಿದ ಹಾಗೆ ಕೇಳಬೇಕು, ಹಿಂದೆ ಸಾಲಾಗಿ ಇನ್ನಷ್ಟು ಬರಬೇಕು.

ಹದಿನೆಂಟಕ್ಕೆ ನಾನು ಅಂದದ್ದೂ ಇದನ್ನೇ.

ಹೇಳಿದ್ದೆಲ್ಲ ನಿಜ. ಆದರೂ ನಿಜ ಹೇಳಿದ ಹಾಗಾಗಲಿಲ್ಲ.

ಮಾರ್ಚ್ ೧೬

ಐದಾರು ದಿನ ಬರೆದಿಲ್ಲ. ಒಂಬತ್ತು ಪುಟ ಆಗಿದೆ. ಇನ್ನು ಐದು ಉಳಿದಿವೆ.

ಶನಿವಾರ ಮೂರು ಕೀಲಿಕೈ ಕೆಡಿಸಿದೆ. ಹಲ್ಲು ಅತಿಯಾಗಿ ಅರೆದುಬಿಟ್ಟೆ, ಬೀಗದೊಳಗೆ ಗರಗರ ತಿರುಗುತ್ತವೆ, ಏನನ್ನೂ ಎತ್ತುವುದಿಲ್ಲ. ಕ್ಷೌರದವನು ಕಥೆ ಕೇಳಲು ಬಂದ, ಕೆಲಸವಿದೆ ಎಂದು ಅಟ್ಟಿದೆ. ಮುಖ ಸಪ್ಪೆ ಮಾಡಿಕೊಂಡು ಹೋದ.

ಇಲ್ಲಾದರೂ ಬರೆಯುತ್ತೇನೆ.

ನಾಲ್ಕನೇ ವರ್ಷ. ಬೆಳಕು ಹರಿಯುವ ಹೊತ್ತು, ಮಂಜು. ಸಾಲಿನಲ್ಲಿ ಮೊದಲ ಲಾರಿ ನನ್ನದು. ಪಕ್ಕದ ಸೀಟಿನಲ್ಲಿ ನನ್ನ ಗೆಳೆಯ ಗಡಿಯಾರ. ಅವನ ಕೈಗಡಿಯಾರ ಯಾವಾಗಲೂ ಐದು ನಿಮಿಷ ಮುಂದೆ, ಅದಕ್ಕೇ ಆ ಹೆಸರು. ನೆಲದಲ್ಲಿ ಹೂತಿದ್ದ ಬಾಂಬು ತೆಗೆದ ದಾರಿಯಲ್ಲಿ ಹೋಗಬೇಕು. ತೆಗೆದ ಕಡೆ ನೆಲದ ಮೇಲೆ ಹಸಿರು ದೀಪ, ತೆಗೆಯದ ಕಡೆ ಕೆಂಪು. ಊರಿನ ಸಿಗ್ನಲ್ ಆದರೆ ಮೇಲಿನದು ಕೆಳಗಿನದು ಎಂದು ತಿಳಿಯಬಹುದು. ಅಲ್ಲಿ ದಾರಿ ಕವಲೊಡೆಯಿತು, ಎರಡೂ ಕಡೆ ಒಂದೊಂದು ದೀಪ, ಒಂದೇ ಎತ್ತರ. ಗಡಿಯಾರ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದ. ಬಗ್ಗಿಕೊಂಡೇ ಕೇಳಿದ, ಎಡಗಡೇದು ಯಾವ ಬಣ್ಣ?

ಹಸಿರು ಅಂದೆ.

ಡಾಕ್ಟರ ಮುಂದೆ ಎಪ್ಪತ್ತಮೂರು ಅಂದ ದನಿಯಲ್ಲೇ. ಅವನು ತಲೆ ಎತ್ತಲಿಲ್ಲ. ನನ್ನ ಮಾತೇ ಸಾಕಿತ್ತು ಅವನಿಗೆ.

ಎಡಕ್ಕೆ ತಿರುಗಿಸಿದೆ. ನನ್ನ ಹಣೆಗೆ ಒಂದು ಗೀರು. ಅವನ ಎಡಗಾಲು, ಮೊಣಕಾಲಿನಿಂದ ಕೆಳಗೆ...

ವಿಚಾರಣೆಯಲ್ಲಿ ಮಂಜು ಅಂದೆ. ಅವನೂ ಆಸ್ಪತ್ರೆಯ ಹಾಸಿಗೆಯಿಂದ ಮಂಜು ಎಂದೇ ಬರೆಸಿದ. ಮಂಜು ಇತ್ತು. ದೀಪವೂ ಕಾಣುತ್ತಿತ್ತು. ಆಮೇಲೆ ಭುಜ ನೋವೆಂದು ಹೇಳಿ ಸ್ಟಿಯರಿಂಗ್ ಬಿಟ್ಟೆ, ವರ್ಕ್‌ಶಾಪಿಗೆ ಹಾಕಿಸಿಕೊಂಡೆ. ಅರ ಹಿಡಿದದ್ದು ಅಲ್ಲಿ.

ಗಡಿಯಾರ ವರ್ಷಕ್ಕೊಮ್ಮೆ ಫೋನ್ ಮಾಡುತ್ತಾನೆ. ಒಂದು ಶಾಲೆಯಲ್ಲಿ ಗಂಟೆ ಬಾರಿಸುವ ಕೆಲಸ ಸಿಕ್ಕಿದೆ. ಮಕ್ಕಳನ್ನು ಐದು ನಿಮಿಷ ಮೊದಲೇ ಮನೆಗೆ ಬಿಡುತ್ತೇನೆ ಎಂದು ನಗುತ್ತಾನೆ. ಏನಯ್ಯಾ ಡ್ರೈವರ್ ಎಂದೇ ಕರೆಯುತ್ತಾನೆ.

ಮಾರ್ಚ್ ೧೮

ಇವಳಿಗೆ ಹೇಳಿದೆ. ಬೆಳಿಗ್ಗೆ ನನ್ನ ಅಂಗಿ ಆರಿಸಿಕೊಡುತ್ತಿದ್ದಳು, ನಾನು ಆರಿಸಿದರೆ ಜೋಕರ್ ಆಗುತ್ತೇನೆ. ಅಂಗಿ ಕೈಯಲ್ಲೇ ಹಿಡಿದು ಪೂರ್ತಿ ಕೇಳಿದಳು. ಒಂದು ಸಲವೂ ಹೂಂ ಅನ್ನಲಿಲ್ಲ. ಕಥೆ ಹೇಳುವವನಿಗೆ ಅದಕ್ಕಿಂತ ಕಷ್ಟ ಇಲ್ಲ.

ಹುಡುಗನಿಗೆ ಇವತ್ತೇ ಹೇಳುತ್ತೇನೆ ಅಂದೆ.

"ಕಾಲು ಹೋದವರಿಗೆ ಮೊದಲು ಹೇಳಿ. ಅವರಿಗಿಂತ ಮೊದಲು ಬೀದಿಯವರಿಗೆಲ್ಲ ತಿಳೀಬಾರದು. ನನಗೂ ಈಗ ಹೇಳಬಾರದಿತ್ತು ರೀ."

ಅಂಗಿ ಕೊಟ್ಟು ಒಳಗೆ ಹೋದಳು.

ಮಾರ್ಚ್ ೨೦, ಮಧ್ಯಾಹ್ನ

ನಿನ್ನೆ ಎರಡು ಸಲ ಗಡಿಯಾರನ ನಂಬರ್ ಒತ್ತಿ ಕಟ್ ಮಾಡಿದೆ. ಹುಡುಗ ಪುಸ್ತಕ ಹಿಡಿದು ಬಂದ, ಜ್ವರ ಎಂದು ಸುಳ್ಳು ಹೇಳಿದೆ. ಇನ್ನೂ ಒಂದು ಸುಳ್ಳು.

ಇವತ್ತು ಅವನ ಶಾಲೆಯ ಊಟದ ಬಿಡುವು ನೋಡಿ ಫೋನ್ ಮಾಡಿದೆ. ಏನಯ್ಯಾ ಡ್ರೈವರ್, ವರ್ಷ ಇನ್ನೂ ಮುಗಿದಿಲ್ಲವಲ್ಲ ಎಂದು ನಕ್ಕ. ಹಿಂದೆ ಮಕ್ಕಳ ಗದ್ದಲ. ಬೇರೆ ಮಾತಿಗೆ ಎಳೆಯಲು ನಾಲಿಗೆ ಒದ್ದಾಡಿತು. ಬಿಡಲಿಲ್ಲ. ಕಣ್ಣು, ಪುಸ್ತಕ, ಕವಲು ದಾರಿ, ಹಸಿರು ಅಂದದ್ದು... ಒಂದೇ ಉಸಿರಿಗೆ ಹೇಳಿದೆ. ಅಲಂಕಾರ ಇಲ್ಲ, ಅಭಿನಯ ಇಲ್ಲ. ಜೀವನದಲ್ಲೇ ನಾನು ಇಷ್ಟು ಕೆಟ್ಟದಾಗಿ ಹೇಳಿದ ಕಥೆ ಇನ್ನೊಂದಿಲ್ಲ.

ಮಕ್ಕಳ ಗದ್ದಲದಿಂದ ಅವನು ದೂರ ಸರಿದದ್ದು ಕೇಳಿಸಿತು. ಆಮೇಲೆ ಅಂದ, "ಇಪ್ಪತ್ತೆರಡು ವರ್ಷ ನಾನು ಮಂಜಿಗೆ ಬೈಕೊಂಡು ಬದುಕಿದೆ."

ಇಟ್ಟುಬಿಟ್ಟ.

ಮಾರ್ಚ್ ೨೨

ಗಡಿಯಾರನ ಫೋನ್ ಇಲ್ಲ. ಅಂಗಡಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಕ್ಷೌರದವನು ಕಾಸು ತೆಗೆದುಕೊಳ್ಳದೆ ನನ್ನ ತಲೆಗೂದಲು ಕತ್ತರಿಸಿದ, ಮಾತಾಡಿಸಲಿಲ್ಲ. ಒಳ್ಳೆಯವನು.

ಮಾರ್ಚ್ ೨೩, ಸಂಜೆ

ಅಕ್ಕನ ಮನೆಗೆ ಹೋಗಿ ಹೇಳಿ ಬಂದೆ.

ಹುಡುಗ ಬೂಟು ಒರೆಸುತ್ತಿದ್ದ. ಅಕ್ಕ ಅವನ ಕಾಗದಗಳನ್ನು ಫೈಲಿಗೆ ಹಾಕುತ್ತಿದ್ದಳು. ಉಳಿದ ಐದು ಪುಟ ಕಲಿಸಲು ಬಂದೆ ಎಂದು ಇಬ್ಬರೂ ಹಿಗ್ಗಿದರು. ನಿಂತೇ ಶುರು ಮಾಡಿದೆ. ಕೂತರೆ ಎಲ್ಲಿ ತಮಾಷೆಗೆ ಜಾರುತ್ತೇನೋ ಎಂಬ ಹೆದರಿಕೆ.

ಮುಗಿದಾಗ ಹುಡುಗನ ಮುಖ ಕೆಂಡವಾಗಿತ್ತು. ಇಷ್ಟು ದಿನ ಕೂರಿಸಿಕೊಂಡು ಪುಟ ತಿರುಗಿಸಿದ್ದು ಯಾಕೆ, ಮೆಡಿಕಲ್‌ನ ಹಿಂದಿನ ದಿನ ಬಂದು ಹೇಳುವುದು ಯಾಕೆ ಎಂದ. ಅವನ ಮಾತು ಸರಿ. ಹೇಡಿತನ ಅಂದೆ, ಬೇರೆ ಕಾರಣ ಇಲ್ಲ. ಹೋಗಬೇಡ ಎಂದು ನಾನು ಹೇಳುತ್ತಿಲ್ಲ, ಸೈನ್ಯದಲ್ಲಿ ಬಣ್ಣ ಕೇಳದ ಕೆಲಸಗಳೂ ಇವೆ, ಕಣ್ಣು ಹೀಗಿದೆ ಎಂದು ಮೊದಲೇ ಹೇಳಿ ಅವನ್ನು ಕೇಳು ಅಂದೆ. "ಅಡುಗೆ ಮನೇಲಿ ಈರುಳ್ಳಿ ಹೆಚ್ಚೋಕಾ?" ಅಂತ ಹಲ್ಲು ಕಚ್ಚಿದ. ಈರುಳ್ಳಿಯೂ ಇದೆ, ಆಫೀಸೂ ಇದೆ, ಏನೂ ಸಿಗದೆಯೂ ಇರಬಹುದು ಅಂದೆ. ಸಿಗುತ್ತದೆ ಎಂದು ಮಾತು ಕೊಡಲು ನಾನ್ಯಾರು.

ಬಹಳ ಹೊತ್ತು ಬೂಟು ಉಜ್ಜಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ.

"ಮಾವ, ಆವತ್ತು ಗೊತ್ತಿಲ್ಲ ಅಂದಿದ್ರೆ ಏನಾಗ್ತಿತ್ತು?"

"ಅವನು ತಲೆ ಎತ್ತಿ ನೋಡ್ತಿದ್ದ. ಅಷ್ಟೇ."

ಅಕ್ಕ ಎದ್ದು ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ಕಲಿಸಿದ್ದು ನೀನಿರಬಹುದು, ಹೇಳಿದ ಬಾಯಿ ನನ್ನದು ಅಂದೆ. ನಲ್ಲಿ ಜೋರಾಗಿ ಬಿಟ್ಟಳು. ಬಾಗಿಲ ತನಕವೂ ಬರಲಿಲ್ಲ.

ಮಾರ್ಚ್ ೨೪, ಬೆಳಿಗ್ಗೆ ಹತ್ತು

ಆರರ ಬಸ್ಸಿಗೆ ಹುಡುಗ ಹೋದ. ನಾನು ಬಸ್ ಸ್ಟ್ಯಾಂಡಿನಲ್ಲಿ ದೂರ ನಿಂತಿದ್ದೆ, ಅವನೇ ಹತ್ತಿರ ಬಂದ. ಬೈಯುತ್ತಾನೆ ಅಂದುಕೊಂಡೆ. "ಮೊದಲೇ ಹೇಳ್ತೀನಿ ಮಾವ. ಬೇರೆ ಕೆಲಸ ಕೊಟ್ರೆ ಕಾಗದ ಪೂರ್ತಿ ಓದ್ತೀನಿ. ಕೊಡಲಿಲ್ಲ ಅಂದ್ರೆ ಸಂಜೆ ಬಸ್ಸಿಗೆ ವಾಪಸ್." ಕಣ್ಣು ಕೆಂಪಾಗಿತ್ತು ಅಂತ ಕಾಣುತ್ತದೆ, ನನಗೆ ಹೇಗೆ ತಿಳಿಯಬೇಕು. ರೆಪ್ಪೆ ಊದಿತ್ತು.

ಒಂಬತ್ತೂವರೆಗೆ ಅಕ್ಕ ಅಂಗಡಿಗೆ ಬಂದಳು. ಕೆಲಸಕ್ಕೆ ರಜೆ ಹಾಕಿದ್ದಾಳೆ, ಅವಳು ರಜೆ ಹಾಕಿದ್ದು ನಾನು ಕಂಡಿಲ್ಲ. ಗಿರಾಕಿಗಳ ಸ್ಟೂಲಿನಲ್ಲಿ ಕೂತು, ಆ ಕಾಲು ಹೋದವರ ನಂಬರ್ ಕೊಡು ಅಂದಳು. ಅವನು ಎತ್ತುವುದಿಲ್ಲ, ನನ್ನ ಮಾತು ಅವನಿಗೆ ಬೇಡ ಅಂದೆ.

"ನಿನ್ನ ಮಾತು ಬೇಡ. ನನ್ನ ಮಾತು ಬೇಡ ಅಂತ ಅವರು ಹೇಳಿಲ್ಲವಲ್ಲ."

ಕೊಟ್ಟೆ. ಅಷ್ಟು ಉದ್ದ ರಿಂಗು. ಎತ್ತಿದ. "ಅಣ್ಣಾ, ನಾನು ಇವನ ಅಕ್ಕ. ಆ ಪುಸ್ತಕ ಮನೆಗೆ ತಂದವಳು" ಅಂದಳು.

ಅವಳ ಮುಖ ನೋಡಲಾರದೆ ಇದನ್ನು ಬರೆಯುತ್ತಾ ಕೂತಿದ್ದೇನೆ. ಹತ್ತು ನಿಮಿಷವಾಯಿತು. ಅವಳು ಮಾತಾಡುತ್ತಿಲ್ಲ, ಕೇಳುತ್ತಿದ್ದಾಳೆ. ಎರಡೂ ಕೈಯಲ್ಲಿ ಫೋನ್ ಹಿಡಿದು, ಒಂದೊಂದು ಮಾತಿಗೂ ಹೂಂ, ಹೂಂ. ಏನು ಹೇಳುತ್ತಿದ್ದಾನೋ. ಬೈಗುಳವೇ ಇರಲಿ, ಪೂರ್ತಿ ಹೇಳಲಿ. ಅಕ್ಕ ಮೂಗು ಒರೆಸಿಕೊಂಡಳು. ಸ್ಟೂಲಿನಿಂದ ಎದ್ದಳು. ಫೋನು ನನ್ನ ಕಡೆಗೆ —