ನೀಲಿ ಬಳ್ಳಿಯ ಬುಡ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಮಂಡಿ ನೋವು ಈಗ ಹೇಗಿದೆ? ಆಪರೇಷನ್ ಆದ ಕಾಲಿನಲ್ಲೇ ಗೋಡೆ ಹಿಡಿಯದೆ ನಡೆಯುತ್ತಿದ್ದೀಯ ಎಂದು ನಿನ್ನ ಮಗಳು ಹೇಳಿದಳು. ಅವಳ ಮನೆಯಲ್ಲೂ ಸುಮ್ಮನೆ ಕೂರದೆ ಹೂವಿನ ಕುಂಡಗಳ ಜಾಗ ಬದಲಿಸುತ್ತಿದ್ದೀಯಂತೆ. ಅಳಿಯಂದಿರು ಪಾಪ, ಬಾಯಿ ಬಿಡುತ್ತಿಲ್ಲವಂತೆ. ಈ ಕಾಗದವನ್ನು ಚಿಕ್ಕಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನ್ ಇರುವಾಗ ಇದೇನು ಹೊಸ ನಾಟಕ ಎಂದು ನೀನು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನಾನು ಒಳ್ಳೆಯ ಹುಡುಗಿಯಾಗಿಬಿಡುತ್ತೇನೆ, ಸುಳ್ಳು ತಾನಾಗಿಯೇ ಬಾಯಿಗೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮುಖ್ಯವಾದದ್ದು. ಸೋಮವಾರ ಗಾರೆಯವನನ್ನು ಕರೆಸಬೇಡ. ಟೈಲರಮ್ಮನ ಮನೆಗೂ ನಮ್ಮ ಮನೆಗೂ ನಡುವೆ ಇರುವ ಆ ಚಿಕ್ಕ ಗೇಟನ್ನು ಇಟ್ಟಿಗೆ ಇಟ್ಟು ಮುಚ್ಚಿಸಬೇಡ. ನೀಲಿ ಬಳ್ಳಿಯನ್ನು ಕಡಿದದ್ದು ಅವರಲ್ಲ. ನಾನು.

ಬರೆದಾಯಿತು. ಉಳಿದದ್ದನ್ನೂ ಹೇಳುತ್ತೇನೆ, ಓದಿ ಮುಗಿಸಿ ಆಮೇಲೆ ಬೈ.

ನೀನು ಹೋದ ಮೇಲೆ, ನೀಲಿ ಬಳ್ಳಿಯ ಪಕ್ಕದ ಆ ಕಹಳೆ ಹೂವಿನ ಬಳ್ಳಿ ಹೇಳುವವರು ಕೇಳುವವರು ಇಲ್ಲದಂತೆ ಬೆಳೆಯಿತು. ಚಪ್ಪರವನ್ನೆಲ್ಲ ಆವರಿಸಿ, ಸೂರಿನ ನೀರಿನ ಕೊಳವೆಗೆ ಕೈ ಹಾಕಿ, ಬಚ್ಚಲಿನ ಕಿಟಕಿಯ ಸಂದಿಯಿಂದ ಒಳಗೇ ಇಣುಕಿತು. ಗೋಡೆಗೆ ಅಂಟಿದ್ದ ಅದರ ಬೇರುಗಳನ್ನು ಕಿತ್ತರೆ ಬಣ್ಣವೂ ಜೊತೆಗೇ ಬಂತು. ಸಾಲದ್ದಕ್ಕೆ ನೆಲದಡಿಯಿಂದ ಹೋಗಿ ಟೈಲರಮ್ಮನ ಅಂಗಳದ ಚಪ್ಪಡಿ ಎತ್ತಿ, ಅಲ್ಲೂ ಮರಿ ಹಾಕಿತು. ಅವರ ತಾಯಿಯ ಗಾಲಿಕುರ್ಚಿ ಆ ಚಪ್ಪಡಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ನಿಮ್ಮ ಬಳ್ಳಿಗೆ ಒಂಚೂರು ಬುದ್ಧಿ ಹೇಳಮ್ಮ ಅಂತ ಅವರು ನಗುತ್ತಲೇ ಅಂದಿದ್ದರು. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಬಂದವಳಿಗೆ ಕೈಲಾಗುವುದಿಲ್ಲ ಎಂದು ನಾನು ನೆಪ ಹೇಳುತ್ತಲೇ ಬಂದೆ.

ಕೊನೆಗೊಂದು ಭಾನುವಾರ ಟೊಂಕ ಕಟ್ಟಿ ನಿಂತೆ. ನಿನ್ನ ಕ್ರಮ ನನಗೆ ಗೊತ್ತಿಲ್ಲದ್ದೇನಲ್ಲ. ಎರಡು ಬಳ್ಳಿಗಳೂ ಒಂದನ್ನೊಂದು ಹೆಣೆದುಕೊಂಡಿವೆ, ಎಲೆ ಹೆಚ್ಚುಕಡಿಮೆ ಒಂದೇ ಥರ, ಬಲಿತ ಬುಡವಂತೂ ಗುರುತೇ ಸಿಗುವುದಿಲ್ಲ. ಅದಕ್ಕೇ ನೀನು ಎಂದೂ ಒಬ್ಬಳೇ ಕತ್ತರಿಸಿದವಳಲ್ಲ. ಒಬ್ಬರು ಬುಡ ಹಿಡಿದು ಅಲ್ಲಾಡಿಸಬೇಕು, ಇನ್ನೊಬ್ಬರು ದೂರ ನಿಂತು ಮೇಲೆ ಯಾವ ತುದಿ ಅಲ್ಲಾಡಿತು ಎಂದು ಕೂಗಿ ಹೇಳಬೇಕು. ಉಳಿಸಬೇಕಾದ ಬುಡಕ್ಕೆ ಬಟ್ಟೆಯ ಚೂರು ಕಟ್ಟಿದ ಮೇಲೇ ಗರಗಸ ಮುಟ್ಟಬೇಕು. ಆ ದಿನ ನನ್ನ ಜೊತೆ ಯಾರೂ ಇರಲಿಲ್ಲ. ಒಬ್ಬಳೇ ಅಲ್ಲಾಡಿಸಿ, ಒಬ್ಬಳೇ ಕತ್ತೆತ್ತಿ ನೋಡಿದೆ. ಬಿಸಿಲು ಬೇರೆ ಕಣ್ಣಿಗೆ ಹೊಡೆಯುತ್ತಿತ್ತು. ಇದೇ ಕಹಳೆ ಬಳ್ಳಿ ಅಂದುಕೊಂಡು ಕಡಿದುಬಿಟ್ಟೆ.

ಕೆಲವು ದಿನ ಏನೂ ಗೊತ್ತಾಗಲಿಲ್ಲ. ಆಮೇಲೆ ನೀಲಿ ಬಳ್ಳಿಯ ಮೊಗ್ಗಿನ ಗೊಂಚಲುಗಳು ಬಾಡಿ ಜೋತುಬಿದ್ದವು. ಇಷ್ಟು ವರ್ಷ ಬರೀ ಎಲೆ ತೋರಿಸಿ ನಿನ್ನನ್ನು ಸತಾಯಿಸಿದ ಬಳ್ಳಿ, ಈ ಸಲವೇ ಮೊದಲು ಮೊಗ್ಗು ಹಿಡಿದಿತ್ತು. ನೀನು ಫೋನ್ ಮಾಡಿದಾಗಲೆಲ್ಲ ಮೊದಲು ಅದರ ಕ್ಷೇಮ, ಆಮೇಲೆ ಸೋರುವ ನಲ್ಲಿಯ ವಿಚಾರ, ಕೊನೆಗೆ ನೆನಪಾದರೆ ನನ್ನದು. ತಮಾಷೆಗೆ ಬರೆದೆ, ಬಿಡು.

ಬಳ್ಳಿ ಒಣಗಿತು ಎಂದಾಗ ಯಾರು ಮುಟ್ಟಿದರು ಎಂದು ಕೇಳಿದೆ ನೀನು. ಟೈಲರಮ್ಮ ಕಡಿದರು ಎಂದು ನಾನು ಹೇಳಲಿಲ್ಲ. ಚಪ್ಪಡಿ ಎದ್ದದ್ದಕ್ಕೆ ಅವರಿಗೆ ಸಿಟ್ಟಿತ್ತು, ಅವರ ಮನೆಯಲ್ಲಿ ಕತ್ತರಿಗೇನು ಬರವೇ, ಎಂದಷ್ಟೇ ಹೇಳಿ ಸುಮ್ಮನಾದೆ. ಉಳಿದದ್ದನ್ನು ನೀನೇ ಸೇರಿಸಿಕೊಳ್ಳುತ್ತೀಯ ಎಂದು ಗೊತ್ತಿತ್ತು. ನೀನು ಅವರಿಗೆ ಫೋನ್ ಮಾಡಿದಾಗ ಅವರು ಹೊಲಿಯುತ್ತಾ ಕೂತಿದ್ದರು. ಕೈ ಬಿಡುವಿಲ್ಲವೆಂದು ಸ್ಪೀಕರ್ ಹಾಕಿದ್ದರು. ಅಳತೆ ಕೊಡಲು ಬಂದ ಹೆಂಗಸರೆಲ್ಲ ಕೇಳಿಸಿಕೊಂಡರು. ನಾನೂ ಅಲ್ಲೇ ಇದ್ದೆ, ಅಕ್ಕ. ಅಂಗಡಿಯಲ್ಲಿ ತೊಡುವ ಬಿಳಿ ಕೋಟಿಗೆ ಗುಂಡಿ ಹಾಕಿಸಿಕೊಳ್ಳಲು ಹೋಗಿದ್ದೆ. ಹೊಟ್ಟೆಕಿಚ್ಚಿನವಳು, ನಂಬಿಸಿ ಕತ್ತು ಕೊಯ್ದವಳು ಎಂದೆಲ್ಲ ನೀನು ಅಂದೆ. ಅವರು ಒಮ್ಮೆ ನನ್ನ ಮುಖ ನೋಡಿದರು. ಆಯ್ತು, ನಿಮ್ಮಿಷ್ಟ ಅಂತ ಹೇಳಿ ಫೋನ್ ಇಟ್ಟು, ನನ್ನ ಗುಂಡಿ ಹಾಕಿಕೊಟ್ಟರು. ಅದೇ ಕೋಟು ತೊಟ್ಟು ಕೆಲಸಕ್ಕೆ ಹೋದೆ. ಇಷ್ಟು ನಾಚಿಕೆಗೆಟ್ಟವಳು ನಾನು ಎಂದು ನನಗೇ ಗೊತ್ತಿರಲಿಲ್ಲ.

ಅವರ ಮುಂಬಾಗಿಲಿಗೆ ಮೆಟ್ಟಿಲುಗಳು. ಅವರ ತಾಯಿ ರಸ್ತೆಯ ಮುಖ ನೋಡಬೇಕಾದರೆ ನಮ್ಮ ಗೇಟಿನಿಂದಲೇ ಬರಬೇಕು. ಫೋನ್ ಬಂದ ದಿನದಿಂದ ಟೈಲರಮ್ಮ ಆ ಕಡೆಯಿಂದ ಗೇಟಿಗೆ ಹಗ್ಗ ಬಿಗಿದಿದ್ದಾರೆ. ಇವತ್ತೂ ಹೊರಗೆ ಹೋಗಲ್ವಾ ಎಂದು ಆ ಅಜ್ಜಿ ಕೇಳುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ಗಾಲಿ ಕೆಟ್ಟಿದೆಯಮ್ಮ ಎಂದು ಮಗಳು ಹೇಳುತ್ತಾರೆ. ನಾನು ನಲ್ಲಿ ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತೇನೆ.

ಕಹಳೆ ಬಳ್ಳಿಯನ್ನು ನಿನ್ನೆ ಮೊಳಕಾಲಿನೆತ್ತರಕ್ಕೆ ಕತ್ತರಿಸಿ, ಅತ್ತ ಕಡೆ ಓಡಿದ್ದ ಬೇರುಗಳನ್ನು ಗುದ್ದಲಿಯಿಂದ ಕಡಿದೆ. ಅದಕ್ಕೇನೂ ಆಗುವುದಿಲ್ಲ, ಮತ್ತೆ ಬರುತ್ತದೆ. ನೀಲಿಯ ಬುಡದಲ್ಲಿ ಇನ್ನೂ ಹಸಿ ಇದೆ, ಚಿಗುರಬಹುದು. ಹೂವಿಗೆ ಮಾತ್ರ ಎಷ್ಟು ವರ್ಷ ಕಾಯಬೇಕೋ.

ಗಾರೆಯವನಿಗೆ ಬರಬೇಡ ಎನ್ನಲು ನಾನ್ಯಾರು, ಮನೆ ನಿನ್ನದು. ನೀನೇ ಹೇಳಿಬಿಡು. ಟೈಲರಮ್ಮನ ಜೊತೆಗೂ ನೀನೇ ಮಾತಾಡು. ಗಂಡನ ಮನೆ ಬಿಟ್ಟು ಬಂದಾಗ ಒಂದು ಮಾತೂ ಕೇಳದೆ ನನಗೆ ಕೋಣೆ ಕೊಟ್ಟವಳು ನೀನು. ಅದನ್ನು ಖಾಲಿ ಮಾಡು ಎಂದರೆ ಮಾಡುತ್ತೇನೆ, ಎದುರಾಡುವುದಿಲ್ಲ.

ನಿನಗೆ ಮುಖ ತೋರಿಸಲು ಅಂಜುತ್ತಿರುವ ತಂಗಿ,
ಮೊಂಡಿ

ತಾ.ಕ.: ಕವರು ಅಂಟಿಸುವ ಮೊದಲು ಇದನ್ನು ಟೈಲರಮ್ಮನಿಗೆ ಓದಲು ಕೊಟ್ಟೆ. ಎದುರಿಗೆ ನಿಂತು ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಎಲ್ಲಾ ಸರಿ, ಆದ್ರೆ ನಿನ್ನ ಜೊತೆ ಯಾರೂ ಇರ್ಲಿಲ್ಲ ಅಂತ ಯಾಕೆ ಬರ್ದಿದ್ದೀಯ, ಗೇಟ್ ಹತ್ರ ನಿಂತು ಅದು ನೀಲಿದು ಬಿಡು ಅಂತ ಕೂಗಿದ್ದು ನಾನೇ ಅಲ್ವಾ ಅಂದರು. ಹೌದು ಅಕ್ಕ. ಅವರು ಕೂಗಿದರು, ನಾನು ಬಟ್ಟೆ ಚೂರನ್ನೂ ಕಟ್ಟಿದೆ. ಅವರು ಒಳಗೆ ಹೋದ ಮೇಲೆ ಬಟ್ಟೆ ಕಟ್ಟಿದ ಬುಡವನ್ನೇ ಕಡಿದೆ. ಅದರ ಹಿಂದಿನ ದಿನ ನಾನು ಜ್ವರದಲ್ಲಿ ಮಲಗಿದ್ದಾಗ ನೀನು ಫೋನ್ ಮಾಡಿ, ಬಳ್ಳಿಗೆ ನೀರು ಹಾಕಿದೆಯಾ ಎಂದಷ್ಟೇ ಕೇಳಿ ಇಟ್ಟುಬಿಟ್ಟಿದ್ದೆ. ಹೊಟ್ಟೆಕಿಚ್ಚು ನನ್ನದು, ಬೈಸಿಕೊಂಡವರು ಅವರು. ಎಲ್ಲಾ ಗೊತ್ತಿದ್ದೂ ಅಕ್ಕನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಕಾಗದ ಮಡಿಸಿ ನನ್ನ ಕೈಗೆ ಕೊಟ್ಟು, ನಿನಗಿರೋದು ಅದೊಂದೇ ಮನೆ ಅಲ್ವೇನಮ್ಮ ಅಂದರು.